ಅಮ್ಮ ನಿಂತಿದ್ದ ಜಾಗ ನೋಡಿ ಬಂದೆ

ಪ್ರೀತಿಯ ಗೆಳೆಯಾ,

ಕೊನೆಗೂ ನಮ್ಮ ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಫ್ಯಾಕ್ಟರಿಯ ಒಳಗೆ ಹೋಗಿ ಬಂದೆ ಕಣೋ. ಅಶೋಕಪುರಂನಲ್ಲಿ ಹುಟ್ಟಿ ಬೆಳೆದು, ಅದರ ಕಾಂಪೌಂಡ್ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಸ್ಕೂಲಿಗೆ ಹೋದವರು ನಾವು. ನಿಮ್ಮಮ್ಮ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಆ ಗೇಟು ದಾಟುವುದನ್ನು ನೋಡಿದ್ದೆವೇ ಹೊರತು, ಒಳಗೆ ಏನಿದೆ ಅಂತ ಒಂದು ದಿನವೂ ಕೇಳಲಿಲ್ಲ. ಮೊನ್ನೆ ಊರಿಂದ ನೆಂಟರು ಬಂದಿದ್ದರು. ಅರಮನೆ, ಮೃಗಾಲಯ, ಬೆಟ್ಟ ಎಲ್ಲ ಮುಗಿದ ಮೇಲೆ ಅತ್ತಿಗೆ, "ಸೀರೆ ನೇಯೋದು ನೋಡಬೇಕು" ಅಂದರು. ನನಗೂ ಅದೇ ನೆಪ ಸಾಕಾಯಿತು.

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ತೆಗೆಯಬಹುದಿದ್ದರೆ ವಾಟ್ಸಾಪಿನಲ್ಲಿ ನಾಲ್ಕು ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆನೇನೋ. ಅದಕ್ಕೇ ಈ ಪತ್ರ.

ಗಾಜಿನ ಪೆಟ್ಟಿಗೆ, ಹೆಸರಿನ ಚೀಟಿ ಯಾವುದೂ ಇಲ್ಲದಿದ್ದರೂ ನನ್ನ ಪಾಲಿಗೆ ಅದೊಂದು ಮ್ಯೂಸಿಯಮ್ಮೇ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಮಗ್ಗ ತರಿಸಿ ಶುರುಮಾಡಿಸಿದ ನೇಯ್ಗೆ ಇದು. ಮೊದಮೊದಲು ಅರಮನೆಯವರಿಗೆ ಬೇಕಾದ ಬಟ್ಟೆ ನೇಯುತ್ತಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಕೈಗೆ ಬಂತು, 1980ರಲ್ಲಿ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಅದಕ್ಕೂ ಹಿಂದಕ್ಕೆ ಹೋದರೆ, ನಮ್ಮ ಸೀಮೆಗೆ ರೇಷ್ಮೆ ಹುಳು ಸಾಕುವುದನ್ನು ತಂದವನು ಟಿಪ್ಪು. ಅದರ ಫಲವನ್ನು ಮದ್ದೂರಿನ ನಮ್ಮ ಸೋದರಮಾವನ ಮನೆಯವರು ಈಗಲೂ ಉಣ್ಣುತ್ತಿದ್ದಾರೆ. ಹೊಗೆಸೊಪ್ಪು ಹಾಕಿದ ಬಾಯಲ್ಲಿ ಹುಳದ ಮನೆಗೆ ಕಾಲಿಡಲು ತಾತನನ್ನೂ ಬಿಡುತ್ತಿರಲಿಲ್ಲ, ನೆನಪಿದೆಯಾ? ನಾವು ರಜೆಗೆ ಹೋದಾಗ ಮಾವ, "ನಾಲ್ಕನೇ ಜ್ವರ ಎದ್ದಿದೆ, ಇನ್ನು ಸೊಪ್ಪು ಎಷ್ಟು ಹಾಕಿದರೂ ಸಾಲದು" ಅನ್ನುತ್ತಿದ್ದರು. ಹುಳಕ್ಕೂ ಜ್ವರ ಬರುತ್ತದಾ ಅಂತ ನೀನು ಅತ್ತಿದ್ದೆ. ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ ಅಂತ ನಿಮ್ಮಮ್ಮನೇ ನಿನಗೆ ಬಿಡಿಸಿ ಹೇಳಿದ್ದು.

ಹಾಗೆ ಬೆಳೆದ ಹುಳು ಚಂದ್ರಂಕಿಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯಲ್ಲಿ, ಕಟ್ಟಿದ ಗೂಡು ಮಾರುಕಟ್ಟೆಗೆ ಹೋಗಿ, ತಿರುಮಕೂಡಲು ನರಸೀಪುರದ ಫ್ಯಾಕ್ಟರಿಯಲ್ಲಿ ನೂಲಾಗಿ, ಇಲ್ಲಿಗೆ ಬರುತ್ತದೆ. ಇಲ್ಲಿ ಮೊದಲ ಕೆಲಸವೇ ನಿಮ್ಮಮ್ಮನ ಕೆಲಸ. ನೂಲಿನ ಲಡಿಯನ್ನು ಬಾಬಿನ್‌ಗೆ ಸುತ್ತುವುದು. ಉದ್ದನೆಯ ಶೆಡ್ಡು, ಸಾಲು ಸಾಲು ಬಾಬಿನ್ನು, ಎಲ್ಲವೂ ಒಟ್ಟಿಗೆ ತಿರುಗುತ್ತಿವೆ. ಎಳೆ ಎಷ್ಟು ತೆಳುವೆಂದರೆ, ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತದೆ. ಅಲ್ಲಿ ನಿಂತಿದ್ದ ಒಬ್ಬರು ಅಕ್ಕ, ತಿರುಗುತ್ತಿದ್ದ ಬಾಬಿನ್ನೊಂದನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದರು. ಕಡಿದ ಎಳೆಯ ತುದಿ ನನಗಂತೂ ಕಾಣಲಿಲ್ಲ. ಅವರು ಬೆರಳ ತುದಿಯಲ್ಲೇ ಹುಡುಕಿ ತೆಗೆದು, ಎರಡು ತುದಿ ಕೂಡಿಸಿ, ಹೆಬ್ಬೆರಳ ಉಗುರಿನ ಮೇಲೆ ಒಂದು ಸುತ್ತು ಹಾಕಿ ಎಳೆದುಬಿಟ್ಟರು. ಗಂಟು ಬಿತ್ತು, ಬಾಬಿನ್ನು ಮತ್ತೆ ತಿರುಗಿತು.

ಆ ಗಂಟು ನನಗೆ ಗೊತ್ತು ಕಣೋ. ಆಷಾಢದಲ್ಲಿ ನಮ್ಮ ಗಾಳಿಪಟದ ದಾರ ಕಡಿದಾಗ ಅಮ್ಮ ಜಗುಲಿಯಲ್ಲಿ ಕೂತು ಹಾಕಿಕೊಡುತ್ತಿದ್ದ ಗಂಟು ಅದು. ದಾರದ ಮೇಲೆ ಬೆರಳಾಡಿಸಿದರೂ ಸಿಗುತ್ತಿರಲಿಲ್ಲ. ಬೀದಿಯ ಹುಡುಗರೆಲ್ಲ ದಾರ ಹಿಡಿದುಕೊಂಡು ನಿಮ್ಮ ಮನೆ ಮುಂದೆ ನಿಲ್ಲುತ್ತಿದ್ದರು.

ಇನ್ನೊಂದು ಹೇಳಬೇಕು. ಆ ಶೆಡ್ಡುಗಳ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅತ್ತಿಗೆ ಏನೋ ಕೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಕೆಲಸದವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ದೂರದಲ್ಲಿ ಒಬ್ಬರು ಅಂಗೈ ಎತ್ತಿ ಎರಡು ಸಲ ಮಗುಚಿದರು. ಈ ತುದಿಯಲ್ಲಿದ್ದವರು ಯಂತ್ರ ನಿಲ್ಲಿಸಿದರು. ಆಮೇಲೆ ಅವರು ಐದೂ ಬೆರಳು ಕೂಡಿಸಿ ಬಾಯ ಹತ್ತಿರ ತಂದರು. ಊಟದ ಹೊತ್ತು.

ನೀನು ಈ ಸಾಲು ಓದಿ ಒಂದು ಗಳಿಗೆ ಕಣ್ಣು ಮುಚ್ಚು. ನಾವು ಬೀದಿಯ ಕೊನೆಯಲ್ಲಿ ಕ್ರಿಕೆಟ್ ಆಡುವಾಗ ಬೇರೆಯವರ ಅಮ್ಮಂದಿರೆಲ್ಲ ಹೆಸರು ಹಿಡಿದು ಕೂಗುತ್ತಿದ್ದರು. ನಿಮ್ಮಮ್ಮ ಮಾತ್ರ ಬಾಗಿಲಲ್ಲಿ ನಿಂತು ಅಂಗೈ ಎರಡು ಸಲ ಮಗುಚಿ, ಬೆರಳು ಕೂಡಿಸಿ ಬಾಯ ಹತ್ತಿರ ತರುತ್ತಿದ್ದರು. ಅವರದು ಮೊದಲಿಂದ ಮೆತ್ತಗಿನ ಸ್ವಭಾವ, ಬೀದಿಯಲ್ಲಿ ಕೂಗಲು ಸಂಕೋಚ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಆ ಶೆಡ್ಡಿನಲ್ಲಿ ನಿಂತು ನನಗೆ ಗಂಟಲು ಕಟ್ಟಿತು. ಅತ್ತಿಗೆ ಮುಂದೆ ಹೋದರು, ನಾನು ಸ್ವಲ್ಪ ಹೊತ್ತು ಅಲ್ಲೇ ಉಳಿದೆ.

ಆಮೇಲೆ ಹುರಿ ಹಾಕುವುದು, ಉದ್ದದ ಎಳೆಗಳ ಹಾಸು ಕಟ್ಟುವುದು, ಮಗ್ಗ ಎಲ್ಲ ನೋಡಿದೆವು. ಮೈಸೂರು ರೇಷ್ಮೆ ಹಾಗೆ ಜಾರುವುದಕ್ಕೆ, ಮೈಗೆ ಹೊಂದಿಕೊಂಡು ಬೀಳುವುದಕ್ಕೆ ಕಾರಣ ಈ ಹುರಿ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲಿಗೆ ಬಿಗಿಯಾಗಿ ಹುರಿ ಕೊಟ್ಟು, ಬಲಹುರಿ ಎಡಹುರಿ ಎರಡನ್ನೂ ಸರದಿಯಲ್ಲಿ ನೇಯುತ್ತಾರೆ. ನೇಯ್ದ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಕಾಗದದ ಹಾಗೆ ಬಿರುಸು, ಬಣ್ಣ ಮಾಸಲು. ಇದೇನಾ ಆ ಸೀರೆ ಅನ್ನಿಸಿತು. ಹುಳು ತನ್ನ ಎಳೆಗೆ ಬಳಿದುಕೊಂಡ ಅಂಟು ಅದರಲ್ಲಿ ಹಾಗೇ ಇರುತ್ತದೆ, ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅಂಟೇ. ಸಾಬೂನಿನ ನೀರಲ್ಲಿ ಬೇಯಿಸಿದ ಮೇಲೆ ಅಂಟು ಬಿಟ್ಟು, ಹುರಿ ಸಡಿಲಗೊಂಡು, ಬಟ್ಟೆ ಮೆತ್ತಗಾಗುತ್ತದೆ. ಬೇಯಿಸಿದ ತುಂಡನ್ನೂ ಮುಟ್ಟಿದೆ. ಎರಡೂ ಒಂದೇ ಬಟ್ಟೆ ಅಂತ ಕೈ ಒಪ್ಪಲಿಲ್ಲ. ಬಣ್ಣ ಹಾಕುವುದು ಅದಾದ ಮೇಲೆ.

ಜರಿಯ ಲೆಕ್ಕ ಕೇಳಿ ಅತ್ತಿಗೆ ಬೆರಗಾದರು. ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಅಷ್ಟು ಚೂರು ಚಿನ್ನ ಇಡೀ ಅಂಚನ್ನು ಬೆಳಗುತ್ತದೆ. ಪ್ರತಿ ಸೀರೆಗೂ ಅದರದೇ ಒಂದು ಸಂಖ್ಯೆ ಇರುತ್ತದೆ, ನಕಲಿ ಮಾರುವವರಿಂದ ಉಳಿಸಿಕೊಳ್ಳಲು. ಹೊರಗೆ ಬಂದು ಅತ್ತಿಗೆ ಮಳಿಗೆಯಲ್ಲಿ ಒಂದು ಗಂಟೆ ಕಳೆದರು, ಅದನ್ನು ಬರೆಯುವಂಥದ್ದೇನಿಲ್ಲ.

ಅಮ್ಮನ ಸೀರೆ ನಿನ್ನ ಹತ್ತಿರವೇ ಇದೆಯಲ್ಲ? ನಿವೃತ್ತಿಯ ವರ್ಷ ತೆಗೆದುಕೊಂಡ ಆ ಗಿಣಿಹಸಿರು. ಟ್ರಂಕಿನಲ್ಲಿ ಇಟ್ಟಲ್ಲೇ ಇಟ್ಟಿದ್ದರೆ ದಯವಿಟ್ಟು ಈ ಭಾನುವಾರ ತೆಗೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಜರಿ ಮುರಿಯುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ಹರಡಿ, ಮಡಿಕೆ ಬದಲಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡು. ನುಸಿಗುಳಿಗೆಯನ್ನು ಸೀರೆಗೆ ತಾಗಿಸಬೇಡ. ಮಗಳಿಗೆ ಅಂಚು ಮುಟ್ಟಲು ಕೊಡು, ಅಜ್ಜಿ ಗಂಟು ಹಾಕುತ್ತಿದ್ದ ರೀತಿಯನ್ನು ತೋರಿಸು. ನಿನ್ನ ಕೈಗೆ ಬರದಿದ್ದರೆ ದಸರಾ ರಜೆಗೆ ಅವಳನ್ನು ಕರೆದುಕೊಂಡು ಬಾ. ನಾನು ಮನೆಯಲ್ಲಿ ಹೊಲಿಗೆ ದಾರ ಇಟ್ಟುಕೊಂಡು ದಿನಾ ಸಂಜೆ ಪ್ರಯತ್ನ ಮಾಡುತ್ತಿದ್ದೇನೆ. ನಿನ್ನೆ ಎರಡು ಸಲ ಗಂಟು ನಿಂತಿತು.

ನಿನ್ನ ಗೆಳೆಯ,
ಅಶೋಕಪುರಂ, ಮೈಸೂರು