ಗೆಳೆಯನಿಗೊಂದು ಪತ್ರ: ಹುವಾಯ್ನಾ ಕಪಾಕ್‌ನ ಉತ್ತರದ ಯುದ್ಧ

ಪ್ರಿಯ ಗೆಳೆಯಾ,

ಬರೀ 168 ಸ್ಪೇನಿಗರನ್ನು ಕಟ್ಟಿಕೊಂಡು ಬಂದ ದಂಡನಾಯಕ ಪಿಸಾರೋ ದಕ್ಷಿಣ ಅಮೆರಿಕದ ಅಷ್ಟು ದೊಡ್ಡ ಇಂಕಾ ಸಾಮ್ರಾಜ್ಯವನ್ನು ಹೇಗೆ ಕೆಡವಿದ ಎಂದು ನೀನು ಕೇಳಿದ್ದೆ. ಕುದುರೆ, ಉಕ್ಕಿನ ಕತ್ತಿ, ಬಂದೂಕುಗಳ ಕಾರಣವನ್ನು ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಉತ್ತರ ಬೇಕಿದ್ದರೆ ಪಿಸಾರೋ ದಂಡೆತ್ತಿ ಬಂದ 1532ಕ್ಕೂ ಹಿಂದಕ್ಕೆ, ಹುವಾಯ್ನಾ ಕಪಾಕ್ ಎಂಬ ದೊರೆಯ ಆಳ್ವಿಕೆಗೆ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

1493ರ ಸುಮಾರಿಗೆ ಪಟ್ಟಕ್ಕೆ ಬಂದಾಗ ಆತ ಇನ್ನೂ ಎಳೆಯ. ಅಜ್ಜ ಪಚಾಕುತಿ ಮತ್ತು ತಂದೆ ತೋಪಾ ಇಂಕಾ ಯುಪಾಂಕಿ ಇಬ್ಬರೂ ಸೇರಿ ಟಿಟಿಕಾಕಾ ಸರೋವರದ ಸೀಮೆಯನ್ನೂ ಕರಾವಳಿಯ ಚಿಮೂ ರಾಜ್ಯವನ್ನೂ ಆಗಲೇ ಗೆದ್ದಾಗಿತ್ತು. ಇಂಕಾ ಪದ್ಧತಿಯಲ್ಲಿ ತೀರಿಕೊಂಡ ದೊರೆಯ ಭೂಮಿ, ಅರಮನೆ, ಆಳುಕಾಳುಗಳೆಲ್ಲ ಕೆಡದಂತೆ ಕಾಪಾಡಿದ ಅವನ ಶವದ ಹೆಸರಿನಲ್ಲೇ ಉಳಿಯುತ್ತಿದ್ದವು. ಅವನ್ನು ನೋಡಿಕೊಳ್ಳುವ ಹೊಣೆ ಮತ್ತು ಅನುಭವಿಸುವ ಹಕ್ಕು ಅವನ ಇತರ ವಂಶಸ್ಥರದು. ಹೊಸ ದೊರೆಗೆ ದಕ್ಕುತ್ತಿದ್ದುದು ಪಟ್ಟ ಮಾತ್ರ, ಸಂಪತ್ತನ್ನು ಆತ ತಾನೇ ಗಳಿಸಿಕೊಳ್ಳಬೇಕಿತ್ತು. ಇಂಕಾ ದೊರೆಗಳು ಯುದ್ಧದ ಮೇಲೆ ಯುದ್ಧ ಹೂಡಿದ್ದಕ್ಕೆ ಇದೂ ಒಂದು ಕಾರಣವೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ, ನನಗೂ ಆ ವಾದ ಒಪ್ಪಿಗೆಯಾಗುತ್ತದೆ. ಹುವಾಯ್ನಾ ಕಪಾಕ್ ಮುಖ ಮಾಡಿದ್ದು ಉತ್ತರಕ್ಕೆ, ಇಂದಿನ ಈಕ್ವೆಡಾರ್‌ನ ಬೆಟ್ಟಸೀಮೆಗೆ.

ಆ ಯುದ್ಧಗಳಿಗೆ ಬೇಕಾದ ಅನ್ನ ಬೆಳೆದದ್ದು ರಣರಂಗದಿಂದ ಬಹುದೂರದಲ್ಲಿ, ದಕ್ಷಿಣದ ಕೋಚಬಾಂಬಾ ಕಣಿವೆಯಲ್ಲಿ. ಇಂದು ಅದು ಬೊಲಿವಿಯಾದಲ್ಲಿದೆ. ಅಲ್ಲಿನ ಮೂಲನಿವಾಸಿಗಳಲ್ಲಿ ಬಹುಪಾಲು ಜನರನ್ನು ಪೂರ್ವದ ಗಡಿ ಕಾಯಲು ಕಳಿಸಿ, ಬೇರೆ ಬೇರೆ ಬುಡಕಟ್ಟುಗಳ 14,000 ಕೆಲಸಗಾರರನ್ನು ಆತ ಆ ಕಣಿವೆಗೆ ಕರೆತರಿಸಿದ. ಹೊಲಗಳನ್ನು ಉದ್ದುದ್ದ ಪಟ್ಟೆಗಳಾಗಿ ಅಳೆದು ಹಂಚಲಾಯಿತು; ಕೆಲವೇ ಪಟ್ಟೆಗಳ ಬೆಳೆ ದುಡಿಯುವವರ ಊಟಕ್ಕೆ, ಉಳಿದ ಮೆಕ್ಕೆಜೋಳವೆಲ್ಲ ಸೈನ್ಯಕ್ಕೆ. ಕೋಟಪಾಚಿ ಎಂಬಲ್ಲಿ ಸುಮಾರು 2,400 ದುಂಡನೆಯ ಕಣಜಗಳ ತಳಪಾಯಗಳು ಸಾಲುಸಾಲಾಗಿ ಉಳಿದಿವೆ. ಅಲ್ಲಿಂದ ಕಾಳು ಪಾರಿಯಾ ಎಂಬ ಊರಿನ ಉಗ್ರಾಣಗಳನ್ನು ಸೇರಿ, ಮುಂದೆ ಲಾಮಾ ಎಂಬ ಹೊರೆ ಹೊರುವ ಪ್ರಾಣಿಗಳ ಬೆನ್ನೇರಿ ರಾಜಧಾನಿ ಕುಸ್ಕೋಗೆ ಹೋಗುತ್ತಿತ್ತು. ಈತನ ದಿಗ್ವಿಜಯವನ್ನು ಯಾರಾದರೂ ಹೊಗಳುವಾಗ ನನಗೆ ಮೊದಲು ನೆನಪಾಗುವುದು ತಮ್ಮ ಹುಟ್ಟೂರು ಬಿಟ್ಟು ಈ ಪಟ್ಟೆಗಳಲ್ಲಿ ದುಡಿದ ಜನ.

ಉತ್ತರದಲ್ಲಿ ಕಾನ್ಯಾರಿ ಜನರ ನಾಡಿನ ನಡುವೆ ತೋಮೆಬಾಂಬಾ ಎಂಬ ನಗರವಿತ್ತು, ಇಂದಿನ ಕುಯೆಂಕಾ. ಹುವಾಯ್ನಾ ಕಪಾಕ್ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಅದನ್ನು ಎರಡನೆಯ ಕುಸ್ಕೋ ಮಾಡುವ ಹಟ ಅವನಿಗೆ. ಕುಸ್ಕೋದಿಂದ ಕಟ್ಟಡದ ಕಲ್ಲುಗಳನ್ನು ಅಷ್ಟು ದೂರಕ್ಕೆ ಸಾಗಿಸಿದರೆಂದು ಸ್ಪೇನಿನ ವೃತ್ತಾಂತಕಾರರು ಬರೆದದ್ದನ್ನು ಬಹುಕಾಲ ಕಟ್ಟುಕಥೆಯೆಂದೇ ಎಣಿಸಲಾಗಿತ್ತು. ಆದರೆ ದಕ್ಷಿಣ ಈಕ್ವೆಡಾರ್‌ನ ಸರಗೂರೋ ಬಳಿ ಸಿಕ್ಕ ಸುಮಾರು 450 ಕೆತ್ತಿದ ಕಲ್ಲುಗಳನ್ನು ಪರೀಕ್ಷಿಸಿದಾಗ ಅವು ಕುಸ್ಕೋ ಸಮೀಪದ ರೂಮಿಕೋಲ್ಕಾ ಗಣಿಯವೇ ಎಂದು ಖಚಿತವಾಯಿತು. ಕೆಲವು ಕಲ್ಲುಗಳ ತೂಕ 700 ಕಿಲೋದಷ್ಟಿದೆ. ಚಕ್ರದ ಬಂಡಿಯಾಗಲಿ ಎಳೆಯುವ ಎತ್ತಾಗಲಿ ಇಲ್ಲದ ನಾಡಿನಲ್ಲಿ, ಬೆಟ್ಟ ಕಣಿವೆಗಳನ್ನು ದಾಟಿಸಿ, ಸುಮಾರು 1,600 ಕಿಲೋಮೀಟರ್ ದೂರ ಮನುಷ್ಯರೇ ಅವನ್ನು ಸಾಗಿಸಿದ್ದರು.

ಅಲ್ಲಿಂದ ಉತ್ತರಕ್ಕಿದ್ದ ಕಾರಾಂಕಿ ಎಂಬ ಜನ ಸುಲಭಕ್ಕೆ ಮಣಿಯಲಿಲ್ಲ. ಯುದ್ಧ ವರ್ಷಗಟ್ಟಲೆ ನಡೆಯಿತು. ಒಂದು ಕಾಳಗದಲ್ಲಿ ದೊರೆಯೇ ಪಲ್ಲಕ್ಕಿಯಿಂದ ಕೆಳಗುರುಳಿದನೆಂದೂ, ಅವನನ್ನು ಬಿಟ್ಟು ಹಿಮ್ಮೆಟ್ಟಿದ ಕುಸ್ಕೋದ ಸರದಾರರಿಗೆ ಆಮೇಲೆ ಆತ ಮೊದಲಿನ ಮರ್ಯಾದೆ ತೋರದೆ ಪಡಿಯನ್ನೂ ಕಡಿಮೆ ಮಾಡಿದನೆಂದೂ ವೃತ್ತಾಂತಗಳು ಹೇಳುತ್ತವೆ. ರೊಚ್ಚಿಗೆದ್ದ ಸರದಾರರು ಗುಡಿಯಲ್ಲಿದ್ದ ಸೂರ್ಯದೇವರ ಮೂರ್ತಿಯನ್ನೇ ಎತ್ತಿಕೊಂಡು ಕುಸ್ಕೋಗೆ ಹೊರಟುನಿಂತರು. ಕೊನೆಗೆ ದೊರೆ ಬಟ್ಟೆಬರೆ, ಆಹಾರ, ಉಡುಗೊರೆಗಳನ್ನು ಧಾರಾಳವಾಗಿ ಹಂಚಿ ಅವರನ್ನು ಒಲಿಸಿಕೊಳ್ಳಬೇಕಾಯಿತು. ನನ್ನ ದೃಷ್ಟಿಯಲ್ಲಿ ಸಾಮ್ರಾಜ್ಯದ ಬಿರುಕು ಮೊದಲು ಕಂಡದ್ದು ಇಲ್ಲಿ. ಕಡೆಗೂ ಕಾರಾಂಕಿಗಳು ಸೋತಾಗ ಸೆರೆಸಿಕ್ಕವರನ್ನು ಇಬಾರಾ ಸಮೀಪದ ಸರೋವರದ ದಡದಲ್ಲಿ ಕೊಲ್ಲಿಸಿದ ಕ್ರೌರ್ಯವನ್ನು ಯಾವ ರಾಜನೀತಿಯೂ ಸಮರ್ಥಿಸಲಾರದು. ಆ ಸರೋವರವನ್ನು ಜನ ಇಂದಿಗೂ ಯಾವಾರ್‌ಕೋಚಾ, ಅಂದರೆ ರಕ್ತದ ಕೆರೆ, ಎಂದೇ ಕರೆಯುತ್ತಾರೆ.

ಇಷ್ಟು ದೀರ್ಘಕಾಲ ದೊರೆಯೂ ಸೈನ್ಯವೂ ಉತ್ತರದಲ್ಲೇ ನಿಂತದ್ದರಿಂದ, ಅನುಭವಿ ಸೇನಾನಿಗಳ ನಿಷ್ಠೆ ದೂರದ ರಾಜಧಾನಿಗಿಂತ ತಮ್ಮೊಡನಿದ್ದ ರಾಜಕುಮಾರ ಅತಾವಾಲ್ಪಾನ ಕಡೆಗೆ ಬೆಳೆಯಿತು. 1527ರ ಸುಮಾರಿಗೆ ಹುವಾಯ್ನಾ ಕಪಾಕ್ ಸಾಂಕ್ರಾಮಿಕ ರೋಗಕ್ಕೆ ಬಲಿಯಾದ. ಸ್ಪೇನಿಗರಿಗಿಂತ ಮುಂಚೆಯೇ ಅಲ್ಲಿಗೆ ಹಬ್ಬಿದ ಸಿಡುಬು ಅದಾಗಿರಬೇಕೆಂದು ಅನೇಕರು ಭಾವಿಸುತ್ತಾರೆ. ಉತ್ತರಾಧಿಕಾರಿಯೆಂದು ಹೆಸರಿಸಿದ್ದ ಮಗನೂ ಆಗಲೇ ತೀರಿಕೊಂಡ. ಕುಸ್ಕೋದಲ್ಲಿ ಹುವಾಸ್ಕರ್ ಪಟ್ಟವೇರಿದ. ಉತ್ತರದ ಸೈನ್ಯ ಅತಾವಾಲ್ಪಾನ ಬೆನ್ನಿಗೆ ನಿಂತಿತು. ಅಣ್ಣತಮ್ಮಂದಿರ ಈ ಯುದ್ಧದಲ್ಲಿ ಕಾನ್ಯಾರಿಗಳು ಹುವಾಸ್ಕರ್‌ನ ಪಕ್ಷ ವಹಿಸಿದ್ದರಿಂದ ಅತಾವಾಲ್ಪಾ ಅವರನ್ನು ದಯೆಯಿಲ್ಲದೆ ಕೊಲ್ಲಿಸಿ, ತಂದೆ ಪ್ರೀತಿಯಿಂದ ಬೆಳೆಸಿದ ತೋಮೆಬಾಂಬಾವನ್ನೇ ಹಾಳುಗೆಡವಿದ. ಅಳಿದುಳಿದ ಕಾನ್ಯಾರಿಗಳು ಮುಂದೆ ಸ್ಪೇನಿಗರ ಜೊತೆಗೂಡಿದರು. 1536ರಲ್ಲಿ ಮಾಂಕೋ ಇಂಕಾ ಕುಸ್ಕೋಗೆ ಮುತ್ತಿಗೆ ಹಾಕಿದಾಗ ನಗರದೊಳಗಿದ್ದ ಸ್ಪೇನಿಗರ ಪರವಾಗಿ ಕಾದಿದವರಲ್ಲಿ ಅವರೂ ಇದ್ದರು.

ಈ ಮಾಂಕೋ ಇಂಕಾ ಕೂಡ ಹುವಾಯ್ನಾ ಕಪಾಕ್‌ನ ಮಗನೇ. ಅವನ ದಂಗೆಯ ವಿಷಯವನ್ನು ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ.

ಇಂತಿ,
ನಿನ್ನ ಗೆಳೆಯ