ಅಚ್ಚಿನಲ್ಲಿ ಹುಯ್ಯದ ಹರಳು

ಮಂಡ್ಯ

ಪುಟ್ಟೀ,

ಟೊರಾಂಟೊದಲ್ಲಿ ನಿನ್ನ ಕೋಟಿನ ತೋಳಿನ ಮೇಲೆ ಬಿದ್ದ ಹಿಮದ ಹರಳಿನ ಫೋಟೊ ನೋಡಿದೆ. ಆರು ಕವಲಿನ ನಕ್ಷತ್ರ, ಎಷ್ಟು ಚೆಂದ! "ಒಂದರ ಹಾಗೆ ಇನ್ನೊಂದು ಇರಲ್ವಂತೆ, ನಿಜಾನಾ ಅಮ್ಮಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಅಂತ ನಿನ್ನೆ ಸಕ್ಕರೆ ಅಚ್ಚು ಹಾಕಿದೆ. ಅದೇ ಪಾಕ, ಅದೇ ಮರದ ಅಚ್ಚು. ಎಷ್ಟು ಗಿಳಿ ಹುಯ್ದರೂ ಒಂದೇ ಥರ. ಹಿಮಕ್ಕೆ ಅಚ್ಚೇ ಇಲ್ಲ ನೋಡು. ಮೋಡದಲ್ಲಿ ಧೂಳಿನ ಕಣ ಹಿಡಿದು ಒಂದು ಹನಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯಾಗಿ ಜೋಡಿಸಿಕೊಳ್ಳುವುದರಿಂದ, ಶುರುವಿನಲ್ಲಿ ಅದೊಂದು ಆರು ಮೂಲೆಯ ಪುಟಾಣಿ ಬಿಲ್ಲೆ. ಆಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಬೇರೆಯಾಗುವುದು ಬೆಳೆಯುತ್ತಾ ಬರುವ ದಾರಿಯಲ್ಲಿ. ಮೈನಸ್ 5 ಡಿಗ್ರಿ ಹತ್ತಿರ ಸೂಜಿಯ ಹಾಗೆ, ಕಂಬದ ಹಾಗೆ ಬೆಳೆಯುತ್ತದೆ. ಮೈನಸ್ 15ರ ಹತ್ತಿರ, ತೇವ ಜಾಸ್ತಿ ಇದ್ದರೆ, ನಿನಗೆ ಸಿಕ್ಕಿತಲ್ಲ, ಅಂಥ ನಕ್ಷತ್ರ. ಗಾಳಿ ಅದನ್ನು ಎತ್ತೆತ್ತ ಒಯ್ಯುತ್ತದೋ ಅಲ್ಲಲ್ಲಿನ ಚಳಿಗೆ, ತೇವಕ್ಕೆ ತಕ್ಕ ಹಾಗೆ ಹೊಸ ಕವಲು. ಆರು ತೋಳುಗಳೂ ಜೊತೆಯಾಗೇ ಆ ದಾರಿ ಹಿಡಿಯುವುದರಿಂದ ಆರೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ. ಒಂದು ತೋಳಿನ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ, ಆದರೂ! ನನಗೆ ಇದೇ ದೊಡ್ಡ ಸೋಜಿಗ ಕಣೇ.

ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತನಿದ್ದ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಹಿಮದ ಹರಳಿನ ಫೋಟೊ ತೆಗೆದ. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ 5,000ಕ್ಕೂ ಹೆಚ್ಚು ತೆಗೆದಿದ್ದ. ಒಂದರಂಥದ್ದು ಇನ್ನೊಂದು ಸಿಗಲಿಲ್ಲ ಅಂದ. ಆ ಮಾತು ಊರೂರಿಗೆ ಹಬ್ಬಿತು. 1988ರಲ್ಲಿ ನ್ಯಾನ್ಸಿ ನೈಟ್ ಅನ್ನುವ ವಿಜ್ಞಾನಿಗೆ ಒಂದೇ ಥರದ ಎರಡು ಸಿಕ್ಕವು. ಆದರೆ ಅವು ನಕ್ಷತ್ರವಲ್ಲ, ಟೊಳ್ಳು ಕಂಬಗಳು. ಅವೂ ಕಣ್ಣಿಗಷ್ಟೇ ಒಂದು. ನೀರಿನ ಸುಮಾರು 500 ಅಣುಗಳಲ್ಲಿ ಒಂದರ ಆಕ್ಸಿಜನ್ ಸ್ವಲ್ಪ ಭಾರ. ಒಂದು ಹರಳಿನಲ್ಲಿ ಕೋಟಿ ಕೋಟಿ ಅಣುಗಳಿರುವಾಗ, ಆ ಭಾರದವು ಎರಡರಲ್ಲೂ ಅದದೇ ಜಾಗದಲ್ಲಿ ಕೂರುತ್ತವಾ? ಆಗದ ಮಾತು.

ಹಾಗಾಗಿ ನಿನ್ನ ತೋಳಿನ ಮೇಲಿದ್ದದ್ದು ಅದೊಂದೇ ಅಂತಲೇ ನಾನು ನಂಬಿದ್ದೇನೆ. ಮುಂದಿನ ಸಲ ಒಂದು ಕಪ್ಪು ಬಟ್ಟೆಯನ್ನು ಮೊದಲೇ ಹೊರಗಿಟ್ಟು ತಣ್ಣಗಾಗಿಸು, ಅದರ ಮೇಲೆ ಹಿಡಿ. ಉಸಿರು ತಾಗಿಸಬೇಡ. ಹತ್ತಿರದಿಂದ ಫೋಟೊ ತೆಗೆದು ಕಳಿಸು.

ಎಳ್ಳು-ಬೆಲ್ಲದ ಜೊತೆ ಅಚ್ಚೂ ಪಾರ್ಸೆಲ್ ಮಾಡಿದ್ದೇನೆ. ಗಿಳಿಯ ಕೊಕ್ಕು ಮುರಿಯದ ಹಾಗೆ ಹತ್ತಿ ಸುತ್ತಿದ್ದೇನೆ, ನಿಧಾನವಾಗಿ ಬಿಚ್ಚು.

ನಿನ್ನ ಅಮ್ಮ