ಮುತ್ಯಾ ಯಾಕೆ ಹಾಗೆ ಮಾಡ್ತಾನೆ ಅಂತ ಕೇಳಿದ್ದೆಯಲ್ಲ

ನನ್ನವ್ವಾ,

ದೀಪ ಹಚ್ಚೋ ಹೊತ್ತಿಗೆ ನಿನ್ನ ಮುತ್ಯಾ, ಅಂದರೆ ನನ್ನ ಅಪ್ಪ, ಯಾಕಿಷ್ಟು ಸಿಟ್ಟಿಗೇಳ್ತಾನೆ ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಮುಪ್ಪಿನ ಹಟ ಅಂದುಕೊಂಡಿರಬೇಕು ನೀನು. ಅಲ್ಲ. ನಾನು ಸಣ್ಣವಳಿದ್ದಾಗಲೂ ಹೀಗೇ ಇದ್ದ. ಮನೆಯವರಲ್ಲಿ ಒಬ್ಬರು ಹೊರಗಿದ್ದರೂ ಊಟಕ್ಕೆ ಕೂರುತ್ತಿರಲಿಲ್ಲ, ಹಿತ್ತಲ ಬಾಗಿಲು ಹಾಕಿದೆಯಾ ಅಂತ ಎದ್ದೆದ್ದು ನೋಡುತ್ತಿದ್ದ.

1948ರಲ್ಲಿ ಅವನಿಗೆ ಆರೇಳು ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದರೂ ನಮ್ಮ ಬೀದರ, ಕಲಬುರಗಿ ಇನ್ನೂ ಹೈದರಾಬಾದಿನ ನಿಜಾಮನ ಕೈಯಲ್ಲೇ ಇದ್ದವು. ನಿಜಾಮನ ಪರ ಆಯುಧ ಹಿಡಿದಿದ್ದ ಖಾಸಿಂ ರಜ್ವಿಯ ದಂಡು, ರಜಾಕಾರರು, ಊರೂರಿಗೆ ನುಗ್ಗುತ್ತಿದ್ದರು. ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರಟಾದಲ್ಲಿ ನಡೆದ ಕೊಲೆಗಳ ಸುದ್ದಿ ಕೇಳಿ ಎಷ್ಟೋ ಮಂದಿ ಸೊಲ್ಲಾಪುರದ ಕಡೆ ಓಡಿದರು. ನಮ್ಮವರು ಹೊರಡೋದು ತಡವಾಯಿತು. ರಜಾಕಾರರು ಹಿತ್ತಲ ಬಾಗಿಲಿಂದ ಬಂದರಂತೆ. ಮುತ್ಯಾನ ಅಪ್ಪನನ್ನು ಅಂಗಳದಲ್ಲೇ ಕಡಿದರು. ನನ್ನ ಆಯಿ, ಅಂದರೆ ಅವನ ಅವ್ವ, ಮಗನನ್ನು ಕಾಳು ತುಂಬಿಡೋ ನೆಲದ ಗುಂಡಿ, ಖಾಲಿ ಹಗೇವಿನಲ್ಲಿ ಇಳಿಸಿ ಅದರ ಬಾಯಿಗೆ ಕಲ್ಲು ಎಳೆದಳು.

ಇಷ್ಟನ್ನೂ ಹೇಳಿದ್ದು ಆಯಿ, ಅದೂ ಒಮ್ಮೆ ಮಾತ್ರ, ಜೋಳ ಹಸನು ಮಾಡುತ್ತಾ. ಮುತ್ಯಾ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಆಯಿ ಸಾಯೋತನಕ ಗೋಡೆಯ ಮಾಡದಲ್ಲಿ ಒಂದು ಗಂಟು ಇಟ್ಟಿರುತ್ತಿದ್ದಳು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಸೀರೆ. ಓಡೋ ಹೊತ್ತು ಬಂದರೆ ಕೈಗೆ ಸಿಗಲಿ ಅಂತ. ವಾರಕ್ಕೊಮ್ಮೆ ಹಳೇ ರೊಟ್ಟಿ ಎಮ್ಮೆಗೆ ಹಾಕಿ ಹೊಸದು ಕಟ್ಟುತ್ತಿದ್ದಳು.

ಇಲ್ಲಿಗೇ ನಿಲ್ಲಿಸಿದರೆ ನಿನಗೆ ಮೋಸ ಮಾಡಿದಂತೆ. ಭಾರತದ ಸೇನೆ ಒಳಗೆ ಬಂತು, ಅದನ್ನೇ ಪೊಲೀಸ್ ಆ್ಯಕ್ಷನ್ ಅಂತಾರೆ. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ, ಆಮೇಲೆ ಸೇಡು ಶುರುವಾಯಿತು, ರಜಾಕಾರರ ಮೇಲಷ್ಟೇ ಅಲ್ಲ, ಅವರ ಗಾಳಿಯೂ ಸೋಕದ ಮುಸ್ಲಿಂ ಮನೆಗಳ ಮೇಲೂ. ನೆಹರು ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಊರೂರು ತಿರುಗಿ, 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಅಂತ ಬರೆಯಿತು. ಜಾಸ್ತಿ ಸಾವು ಕಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಕಲಬುರಗಿ ಎರಡೂ ಇವೆ. ಆ ವರದಿಯನ್ನು ದಶಕಗಟ್ಟಲೆ ಜನರ ಮುಂದೆ ಇಡಲಿಲ್ಲ.

ರಮಜಾನಿಗೆ ನಿನಗೆ ಸುರ್ಕುಂಬಾ ಕಳಿಸ್ತಾಳಲ್ಲ ಓಣಿಯ ಖಾಲಾ, ಅವಳ ಅತ್ತೆ ಆ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಗಂಡನನ್ನೂ ಮೈದುನನನ್ನೂ ಕಳೆದುಕೊಂಡವಳು. ಅವರ ಮನೆಯಲ್ಲೂ ಹೊತ್ತು ಮುಳುಗಿದರೆ ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಅವಳೂ ಆಯಿಯೂ ಒಂದೇ ಕಟ್ಟೆಯ ಮೇಲೆ ಕೂತು ಶಾವಿಗೆ ಹೊಸೆಯುತ್ತಿದ್ದರು. ಇದರ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಎದೆ ಹಗುರಾಗುತ್ತಿತ್ತೇನೋ ಅಂತ ನನಗೆ ಈಗಲೂ ಸಂಕಟ. ನಮ್ಮ ಸತ್ತವರನ್ನು ಮುಂದೆ ಮಾಡಿ ಅವರ ಮನೆ ಕಡೆ ಬೆರಳು ತೋರಿಸೋರನ್ನು ಕಂಡರೆ ಮೈ ಉರಿಯುತ್ತದೆ. ಖಾಲಾನ ಮೊಮ್ಮಕ್ಕಳು ಯಾವ ರಜಾಕಾರರು?

ನಾನು ದಿನಾ ಏಳಕ್ಕೆ ಫೋನ್ ಮಾಡಿ "ರೂಮಿಗೆ ಬಂದೆಯಾ" ಅನ್ನೋದೂ ಅಲ್ಲಿಂದಲೇ ಬಂದದ್ದು. ನಾನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ಆದರೂ ನೀನು ಫೋನ್ ಎತ್ತೋದು ತಡವಾದರೆ ಕೈ ನಡುಗುತ್ತದೆ. ನೀನು ಬೇಜಾರಾದರೂ ಪರವಾಗಿಲ್ಲ, ಫೋನ್ ಎತ್ತು. ಆದರೆ ಈ ಅಂಜಿಕೆಯನ್ನು ನೀನು ತಗೋಬೇಡ.

ದಸರಾಕ್ಕೆ ಬಂದಾಗ ಮುತ್ಯಾನ ಹತ್ತಿರ ಕೂತ್ಕೋ. ನೇರವಾಗಿ ಅದನ್ನೇ ಕೇಳಿದರೆ ಎದ್ದು ಹೋಗ್ತಾನೆ. ಅವನ ಅಪ್ಪನ ಎತ್ತುಗಳ ಬಗ್ಗೆ ಕೇಳು, ಅವುಗಳ ಹೆಸರು ಇನ್ನೂ ನೆನಪಿದೆ ಅವನಿಗೆ. ಮುಂದಿನದನ್ನು ಅವನಾಗೇ ಹೇಳಿದರೆ, ಅವನನ್ನು ಕೇಳಿಯೇ ರೆಕಾರ್ಡ್ ಮಾಡಿಕೋ. ಹೇಳದಿದ್ದರೆ ಬಿಡು. ಖಾಲಾನ ಮನೆಗೂ ಹೋಗೋಣ, ಅವಳ ಅತ್ತೆ ಹೇಳಿದ್ದು ಏನೇನು ನೆನಪಿದೆಯೋ ಅದನ್ನೂ ಬರೆದುಕೊಳ್ಳಬೇಕು.

ನಿನ್ನ ಅವ್ವ